ಸುಳ್ಳು ಹೇಳಿದರೆ ಸಾಲದು, ಕೇಳುವವರೂ ಬೇಕು

ಬ್ರಿಜ್ ಎಂಬ ಇಸ್ಪೀಟಾಟಕ್ಕೆ ಇಬ್ಬಿಬ್ಬರ ಎರಡು ಜೋಡಿಯಾಗಿ ನಾಲ್ವರು ಕುಳಿತರೂ ನಿಶ್ಚಿಂತೆಯಿಂದ ಸುಳ್ಳಾಡುವ ಸವಲತ್ತು ಇರುವುದು ಬಿಡ್ಡಿಂಗ್ ಎಂಬ ಹರಾಜು ಮುಗಿದ ಮೇಲೆ ಆಟ ನಡೆಸುವ ಡಿಕ್ಲೇರರ್ ಒಬ್ಬನಿಗೆ. ಎದುರಾಳಿಗಳಿಬ್ಬರೂ ತಾವು ಹಾಕುವ ಒಂದೊಂದು ಎಲೆಯಿಂದ ಪರಸ್ಪರ ಸುದ್ದಿ ಮುಟ್ಟಿಸಬೇಕಾದವರು. ಅವರಲ್ಲೊಬ್ಬ ಸುಳ್ಳೆಲೆ ಹಾಕಿದರೆ ಮೊದಲು ಮೋಸಹೋಗುವವನು ಅವನ ಜತೆಗಾರನೇ. ಡಿಕ್ಲೇರರ್‌ಗೆ ಆ ಅಂಜಿಕೆಯಿಲ್ಲ, ಏಕೆಂದರೆ ಅವನ ಜತೆಗಾರ ಡಮ್ಮಿಯಾಗಿ ತನ್ನ 13 ಎಲೆಗಳನ್ನೂ ಮೇಜಿನ ಮೇಲೆ ಹರವಿ, ಆಟ ಮುಗಿಯುವ ತನಕ ತುಟಿ ಬಿಗಿದು ಕೂರಬೇಕಾದ ಬಡಪಾಯಿ. ಆಟದ 73ನೆಯ ನಿಯಮವೂ ಇದಕ್ಕೆ ಒಪ್ಪಿಗೆಯ ಮುದ್ರೆ ಒತ್ತಿದೆ: ಎಲೆಯ ಮೂಲಕ ಎದುರಾಳಿಯ ದಾರಿ ತಪ್ಪಿಸಬಹುದು, ಆದರೆ ಮಾತು, ಹಾವಭಾವ ಅಥವಾ ಬೇಕೆಂದೇ ಮಾಡಿದ ತಡದಿಂದ ತಪ್ಪಿಸಕೂಡದು. ಎಲೆ ಎಷ್ಟು ಬೇಕಾದರೂ ಸುಳ್ಳಾಡಲಿ, ಮುಖ ಮಾತ್ರ ಹರಿಶ್ಚಂದ್ರನದಾಗಿರಬೇಕು.

ಈ ವಿದ್ಯೆಯ ಮೊದಲ ಪಾಠ ಬಹಳ ಸೊಗಸಾದದ್ದು. ನೋಟ್ರಂಪ್ ಆಟದಲ್ಲಿ (ಅಂದರೆ ಮಿಕ್ಕವನ್ನು ಹೊಡೆಯುವ ತುರುಫಿನ ಜಾತಿಯೇ ಇಲ್ಲದ ಆಟದಲ್ಲಿ) ಎಡಗಡೆಯವನು ಎಕ್ಕವಿರುವ ಸೂಟ್‌ನಿಂದ, ಅಂದರೆ ಎಲೆಗಳ ಜಾತಿಯಿಂದ, ಒಂದು ಸಣ್ಣ ಎಲೆ ಇಳಿಸುತ್ತಾನೆ, ಅವನ ಜತೆಗಾರ ಗುಲಾಮನನ್ನು ಹಾಕುತ್ತಾನೆ, ನಿಮ್ಮ ಕೈಯಲ್ಲಿ ರಾಜ, ರಾಣಿ ಮತ್ತು ಒಂದು ಸಣ್ಣ ಎಲೆ ಇವೆ. ಮಿತವ್ಯಯದ ಬುದ್ಧಿಗೆ ರಾಣಿಯೇ ಸಾಕೆನ್ನಿಸುತ್ತದೆ. ಆದರೆ ರಾಣಿಯಿಂದ ಗೆದ್ದರೆ, ಜತೆಗಾರನ ಬಳಿ ರಾಜನಿದ್ದಿದ್ದರೆ ಅದನ್ನೇ ಹಾಕುತ್ತಿದ್ದನಲ್ಲ ಎಂದು ಎಡಗಡೆಯವನು ಲೆಕ್ಕ ಹಾಕಿ, ರಾಜ ನಿಮ್ಮಲ್ಲೇ ಇದ್ದಾನೆಂದು ಕಂಡುಹಿಡಿಯುತ್ತಾನೆ. ರಾಜನಿಂದ ಗೆದ್ದರೆ ಮಾತೇ ಬೇರೆ. ರಾಣಿ, ಗುಲಾಮ ಎರಡೂ ಇದ್ದವನು ಗುಲಾಮನನ್ನೇ ಹಾಕುವುದು ರೂಢಿಯಾದ್ದರಿಂದ, ರಾಣಿ ಜತೆಗಾರನ ಕೈಯಲ್ಲಿರಬಹುದೆಂಬ ಆಸೆ ಅವನಲ್ಲಿ ಮೊಳೆತು, ಮತ್ತೆ ಕೈಗೆ ಆಟ ಬಂದಾಗ ಅದೇ ಸೂಟ್‌ನ ಸಣ್ಣ ಎಲೆಯನ್ನು ನಂಬಿಕೆಯಿಂದ ಇಳಿಸಿ ನಿಮ್ಮ ರಾಣಿಗೆ ಆರತಿ ಎತ್ತುತ್ತಾನೆ.

ನಾನು ಇದನ್ನು ಶ್ರದ್ಧೆಯಿಂದ ಕಲಿತು, ಒಂಬತ್ತು ಟ್ರಿಕ್ (ನಾಲ್ವರೂ ಒಂದೊಂದು ಎಲೆ ಹಾಕುವ ಸುತ್ತು) ಗೆಲ್ಲಬೇಕಾದ ಮೂರು ನೋಟ್ರಂಪ್‌ನ ಆಟವೊಂದರಲ್ಲಿ ರಾಜನನ್ನು ಗಂಭೀರವಾಗಿ ಇಳಿಸಿದೆ. ಎಡಗಡೆಯ ಮಹನೀಯರು ಆಗ ತಮ್ಮ ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಆ ಟ್ರಿಕ್ಕನ್ನು ಯಾರು ಗೆದ್ದರು, ಯಾವ ಎಲೆಯಿಂದ ಗೆದ್ದರು ಎಂಬ ಲೌಕಿಕ ವಿಷಯಗಳು ಅವರ ಗಮನಕ್ಕೆ ಬರಲಿಲ್ಲ. ಮುಂದೆ ಆಟ ಅವರ ಕೈಗೆ ಬಂದಾಗ ಬೇರೆ ಸೂಟ್‌ಗೆ ಹೊರಳಿದರು. ಅಲ್ಲಿ ಅವರ ಜತೆಗಾರರ ಎಕ್ಕ ಕಾದು ಕುಳಿತಿತ್ತು. ಆ ಜತೆಗಾರರು ನನ್ನ ರಾಣಿಯ ಬೆನ್ನಿಗೇ ಗುರಿಯಿಟ್ಟು ಮೊದಲಿನ ಸೂಟನ್ನು ವಾಪಸು ಆಡಿದರು, ನಾಲ್ಕು ಟ್ರಿಕ್ ಸಾಲಾಗಿ ಹೋದವು. ಎರಡು ಟ್ರಿಕ್ ಕಡಿಮೆಯಾಗಿ ಸೋತ ಮೇಲೆ, ಸೂಟ್ ಬದಲಿಸಿದ್ದೇಕೆಂದು ವಿನಯದಿಂದ ಕೇಳಿದೆ. “ಒಂದನ್ನೇ ಎಷ್ಟು ಸಲ ಆಡೋದು ಸ್ವಾಮಿ, ಬೇಜಾರಲ್ವೇ?” ಎಂದರು. ಕೋಣನ ಮುಂದೆ ಕಿನ್ನರಿ ಬಾರಿಸಿದರೆ ಸಂಗೀತ ವ್ಯರ್ಥವಾಗುತ್ತದೆಯಷ್ಟೆ; ಇಲ್ಲಿ ಕೋಣ ಗೆದ್ದು, ಅಂಕವನ್ನೂ ಬರೆದುಕೊಂಡಿತು.

ಸಣ್ಣ ಎಲೆಗಳ ಸುಳ್ಳು ಇನ್ನೂ ನವುರಾದದ್ದು, ಆದ್ದರಿಂದ ಇನ್ನೂ ನಿಷ್ಫಲ. ಎಡಗಡೆಯವನು ರಾಜನನ್ನು ಇಳಿಸುತ್ತಾನೆ, ಅವನ ಜತೆಗಾರ ಮೂರನ್ನು ಹಾಕುತ್ತಾನೆ. ಅವರು ಅದೇ ಸೂಟನ್ನು ಮುಂದುವರಿಸಲಿ ಎಂಬ ಬಯಕೆಯಿದ್ದರೆ ನೀವು ಎರಡನ್ನು ಬಚ್ಚಿಟ್ಟು ಏಳನ್ನು ಹಾಕಬೇಕು. ಎರಡು ಕಾಣೆಯಾದದ್ದರಿಂದ ಮೂರು ದೊಡ್ಡ ಎಲೆಯಂತೆ, ಪ್ರೋತ್ಸಾಹದ ಸಂಕೇತದಂತೆ ಕಾಣಬೇಕು. ಕಾಣೆಯಾದ ಎರಡನ್ನು ಹುಡುಕುವವರು ಎದುರಿಗೆ ಕುಳಿತಿದ್ದರಲ್ಲವೇ ಈ ಮಾತು!

ನಾನು ಡಮ್ಮಿಯಾಗಿದ್ದ ಇನ್ನೊಂದು ಆಟ ನೆನಪಿಗೆ ಬರುತ್ತದೆ. ತುರುಫಿನಲ್ಲಿ ನನ್ನ ಕಡೆ ಗುಲಾಮ, ಹತ್ತು ಮತ್ತು ಎರಡು ಸಣ್ಣ ಎಲೆಗಳು. ನನ್ನ ಜತೆಗಾರರಲ್ಲಿ ಎಕ್ಕ, ರಾಜ, ಒಂಬತ್ತು ಸೇರಿ ಐದು ಎಲೆಗಳು. ಹೊರಗಿದ್ದದ್ದು ರಾಣಿ ಸೇರಿ ನಾಲ್ಕೇ ಎಲೆ. ಅವು ಎರಡು-ಎರಡಾಗಿ ಹಂಚಿಕೆಯಾಗುವ ಸಂಭವ ಶೇಕಡಾ 40, ಮೂರು-ಒಂದಾಗಿ ಶೇಕಡಾ 50, ಒಂದೇ ಕಡೆ ನಾಲ್ಕೂ ಇರುವುದು ಶೇಕಡಾ 10. ರಾಣಿ ಇಂಥವರ ಬಳಿಯೇ ಇದ್ದಾಳೆಂದು ಊಹಿಸಿ ಆಡುವುದಕ್ಕಿಂತ ಎಕ್ಕ, ರಾಜಗಳನ್ನು ಆಡಿ ರಾಣಿ ಉದುರುತ್ತಾಳೇನೋ ನೋಡುವುದೇ ಕೂದಲೆಳೆಯಷ್ಟು ಮೇಲು. ಆದರೆ ಅದಕ್ಕೆ ಮುಂಚೆ ಡಮ್ಮಿಯಿಂದ ಗುಲಾಮನನ್ನು ಇಳಿಸಿ ಜತೆಗಾರರ ಬಲಗಡೆಯವರಿಗೆ ಆಮಿಷ ತೋರಿಸಬಹುದು: ದೊಡ್ಡ ಎಲೆಯನ್ನು ದೊಡ್ಡ ಎಲೆಯಿಂದ ಮುಚ್ಚಬೇಕೆಂಬ ಪಾಠ ನೆನಪಾಗಿ ಅವರು ರಾಣಿಯನ್ನು ಹಾಕಿದರೆ ಲಾಭ, ಹಾಕದಿದ್ದರೆ ಎಕ್ಕವನ್ನೇ ಆಡಿದರಾಯಿತು, ಒಂಬತ್ತು ಕೈಯಲ್ಲಿರುವುದರಿಂದ ಗುಲಾಮ ಹೋದ ನಷ್ಟವಿಲ್ಲ.

ಜತೆಗಾರರು ಗುಲಾಮನನ್ನು ಕರೆದರು. ಅವರ ಬಲಗಡೆಯ ಮಹಿಳೆ ಯೋಚಿಸತೊಡಗಿದರು. ಎಲೆಯೊಂದನ್ನು ಅರ್ಧ ಎಳೆದು, ಮತ್ತೆ ಒಳಗೆ ತಳ್ಳಿ, ಚಾವಣಿಯನ್ನು ನೋಡಿದರು. ಜತೆಗಾರರ ಮುಖದಲ್ಲಿ ಬೆಳಕು ಮೂಡುವುದನ್ನು ನಾನು ಕಂಡೆ, ಆದರೆ ಡಮ್ಮಿಗೆ ಕೆಮ್ಮಲೂ ಭಯ. ಆಕೆ ಕೊನೆಗೂ ಸಣ್ಣ ಎಲೆ ಹಾಕಿದರು; ರಾಣಿ ಅಲ್ಲೇ ಇದ್ದಾಳೆಂದು ತೀರ್ಮಾನಿಸಿದ ಜತೆಗಾರರು ಎಕ್ಕ ತಡೆಹಿಡಿದರು; ಅವರ ಎಡಗಡೆಯಿಂದ ರಾಣಿ ಮೆಲ್ಲನೆ ಬಂದು ಗುಲಾಮನನ್ನು ನುಂಗಿದಳು. “ಕ್ಷಮಿಸಿ, ನನ್ನ ಸರದಿ ಅಂತ ಗೊತ್ತಾಗಲೇ ಇಲ್ಲ” ಎಂದರು ಆಕೆ. ಎದುರಾಳಿಯ ತಡವರಿಕೆಗೆ ಅರ್ಥ ಹಚ್ಚುವವನು ತನ್ನ ಹೊಣೆಯ ಮೇಲೆ ಹಚ್ಚಬೇಕೆಂಬುದೂ ಅದೇ 73ನೆಯ ನಿಯಮದಲ್ಲಿದೆ.

ಹೀಗಾಗಿ, ಎಲೆ ಎಣಿಸಿ ಆಡುವ ನುರಿತ ಆಟಗಾರರೊಬ್ಬರು ಎಡಗಡೆಗೆ ಬಂದು ಕುಳಿತಾಗ ನನಗೆ ಆದದ್ದು ಹಬ್ಬ. ಅದೇ ರಾಜ-ರಾಣಿಯ ಕೈ ಬಂತು, ರಾಜನಿಂದ ಗೆದ್ದೆ, ಅವರು ಹುಬ್ಬು ಗಂಟಿಕ್ಕಿ ಲೆಕ್ಕ ಹಾಕಿ ಸಣ್ಣ ಎಲೆಯನ್ನೇ ಮತ್ತೆ ಇಳಿಸಿದರು, ರಾಣಿ ಗೆದ್ದಳು. ಅವರು ನನ್ನತ್ತ ಒಮ್ಮೆ ನೋಡಿ ತಲೆಯಾಡಿಸಿದರು. ಕೆಲವು ಆಟಗಳ ಬಳಿಕ ಮತ್ತೆ ಸಣ್ಣ ಎಲೆ, ಮತ್ತೆ ಬಲಗಡೆಯಿಂದ ಗುಲಾಮ, ಮತ್ತೆ ನನ್ನ ರಾಜ. ಈ ಸಲ ನನ್ನಲ್ಲಿ ರಾಜನ ಜತೆಗಿದ್ದದ್ದು ಒಂದು ಬಡ ಐದು ಮಾತ್ರ. ಅವರು ನಸುನಕ್ಕು, ಆಟ ಕೈಗೆ ಬಂದೊಡನೆ ಬೇರೆ ಸೂಟ್‌ಗೆ ಹೊರಳಿದರು, ನಾನು ಒಂಬತ್ತು ಟ್ರಿಕ್ ಎಣಿಸಿ ಎಲೆ ಮಡಚಿದೆ. “ರಾಣಿ ನನ್ನ ಕೈಯಲ್ಲೇ ಇದ್ದಳಲ್ಲ ರಾಯರೇ!” ಎಂದು ಅವರ ಜತೆಗಾರರು ಗೋಳಾಡಿದರು. “ಅವರು ರಾಜ ಹಾಕಿದರೆ ನಂಬೋಕಾಗುತ್ತೇನ್ರೀ?” ಎಂದು ರಾಯರು ಗುಡುಗಿದರು. ಮುಂದಿನ ಆಟದ ಬಿಡ್ಡಿಂಗ್ ಮುಗಿದು ನಾನು ಎಲೆ ಇಳಿಸಿದ ಮೇಲೂ ಅವರಿಬ್ಬರೂ ಹಿಂದಿನ ಆಟದಲ್ಲೇ ಇದ್ದರು.