ಬಿಟ್ಟೆ ಬಿಟ್ಟೆ ಅಂದ್ರು, ಬಿಡ್ಲಿಲ್ಲ

ಟಿಕೆಟ್ ಇತ್ತು. ಇದೊಂದನ್ನ ಮೊದಲೇ ಹೇಳ್ಬಿಡ್ತೀನಿ, ಆಮೇಲೆ ಉಳಿದಿದ್ದನ್ನ ಓದೋರು ಓದಿ ಬಿಡೋರು ಬಿಡಿ. ನನ್ ಹತ್ರ ಟಿಕೆಟ್ ಇತ್ತು. ಜರ್ಮನಿಯ ಬರ್ಲಿನ್ನಲ್ಲಿ ನಾನೇ ಮೆಷಿನ್ ಮುಂದೆ ನಿಂತು, ಭಾಷೆ ಇಂಗ್ಲಿಷ್‌ಗೆ ತಿರುಗಿಸಿ, ಹಿಂದೆ ನಿಂತಿದ್ದೋರು ಉಸ್ಸಪ್ಪ ಅಂತಿದ್ರೂ ಬಿಡದೆ, 3 ಯೂರೋ 80 ಸೆಂಟ್ ಕೊಟ್ಟು ತಗೊಂಡಿದ್ದ ಟಿಕೆಟ್. ಈಗ್ಲೂ ಪರ್ಸಲ್ಲಿದೆ.

ಬರ್ಲಿನ್ನಲ್ಲಿರೋ ನನ್ ಗೆಳೆಯನ ಮನೆಗೆ ಹೋಗಿ ಬಂದೆ. ಇವತ್ತು ಸಂಜೆ ಪೇಟೆಬೀದೀಲಿ ಅವನ ಅಮ್ಮ ಸಿಕ್ಕಿದ್ರು, ದಂಟಿನ ಸೊಪ್ಪು ಆರಿಸ್ತಾ ಇದ್ರು. ನನ್ನ ನೋಡಿದ್ದೇ ತಡ, ಅಷ್ಟು ಜನದ ಮಧ್ಯೆ, "ಏನ್ ಮಗ, ಅಲ್ಲಿ ಟಿಕೀಟ್ ಇಲ್ದೆ ರೈಲತ್ತಿ ಸಿಗಾಕಂಡಿದ್ಯಂತೆ? ನಮ್ಮುಡ್ಗ ಬಿಡಿಸ್ಕಂಡ್ ಬಂದ್ನಂತೆ?" ಅಂದ್ರು. ಸೊಪ್ಪು ಮಾರೋ ಹೆಂಗಸು ತಕ್ಕಡಿ ಹಿಡ್ಕೊಂಡೇ ನನ್ನ ಮುಖ ನೋಡಿದ್ಲು. ನಾನು ಇಲ್ಲ ಕಣಮ್ಮ, ಟಿಕೆಟ್ ಇತ್ತು ಅಂತ ಶುರು ಮಾಡಿದೆ. "ಹೋಗ್ಲಿ ಬುಡು, ವಯಸ್ಸಲ್ಲಿ ಎಲ್ರೂ ಮಾಡೋದೇಯ" ಅಂತ ಬೆನ್ನು ಸವರಿದ್ರು. ವಯಸ್ಸಂತೆ. ನನಗೀಗ 38.

ಬಿಡಿಸ್ಕೊಂಡು ಬಂದ್ನಂತೆ. ಅವನು, ನನ್ನನ್ನ.

ನಾನು ಮಂಡ್ಯದಿಂದ ಮೈಸೂರಿಗೆ 11 ವರ್ಷದಿಂದ ತಿಂಗಳ ಪಾಸ್ ಮಾಡಿಸ್ಕೊಂಡು ಕೆಲಸಕ್ಕೆ ಓಡಾಡ್ತಿರೋನು. ಒಂದು ಸಲ ಪಾಸ್ ಹಿಂದಿನ ದಿನಾನೇ ಮುಗಿದಿದ್ದು ಗಾಡಿ ಹತ್ತಿದ ಮೇಲೆ ನೆನಪಾಗಿ, ಯಲಿಯೂರಲ್ಲಿ ಇಳಿದು ಟಿಕೆಟ್ ತಗೊಂಡು ಮುಂದಿನ ಗಾಡಿಗೆ ಕಾದು ಹೋದೋನು ನಾನು, ಆಫೀಸಲ್ಲಿ ಅರ್ಧ ದಿನ ರಜೆ ಕಟ್ ಆಯ್ತು. ಯಾರು ಮಾಡ್ತಾರೆ ಹೇಳಿ? ಪೆದ್ದ ಅಂತೀರಾ, ಅನ್ನಿ. ಆದ್ರೆ ಟಿಕೆಟ್ ಇಲ್ದೆ ಅನ್ನೋ ಮಾತು ಮಾತ್ರ ಕೇಳೋಕಾಗ್ತಿಲ್ಲ.

ವೀಸಾದ ಕಥೆ ಬೇಡ ಬಿಡಿ, ಅದು ಬೇರೆ ಪುರಾಣ. 90 ಯೂರೋ ಫೀಸು, ಬೆಂಗಳೂರಿಗೆ ಹೋಗಿ ಬೆರಳಚ್ಚು, ರಜೆ ಪತ್ರ, ಬ್ಯಾಂಕ್ ಸ್ಟೇಟ್‌ಮೆಂಟು, ವಾಪಸ್ ಬಂದೇ ಬರ್ತೀನಿ ಅಂತ ನಂಬಿಸೋಕೆ ಅಪ್ಪನ ಜಮೀನಿನ ಪಹಣಿ ಕೂಡ ಇಟ್ಟಿದ್ದೆ. ಮತ್ತೆ 30,000 ಯೂರೋಗೆ ಇನ್ಶುರೆನ್ಸ್ ಮಾಡಿಸ್ಲೇಬೇಕು. ಅಲ್ಲೇ ಸತ್ತೋದ್ರೆ ಹೆಣ ಮಂಡ್ಯಕ್ಕೆ ಕಳಿಸೋ ಖರ್ಚೂ ಅದರಲ್ಲಿ ಬರುತ್ತೆ. ಮಾನ ಹೋದ್ರೆ ಮಾತ್ರ ನಯಾಪೈಸೆ ಇಲ್ಲ, ನೋಡ್ದೆ, ಆ ಪಾಲಿಸಿ ಪೂರ್ತಿ ಓದಿದೆ, ಅಲ್ಲಿ ಸಿಕ್ಕಿಬಿದ್ದ ದಿನ ರಾತ್ರಿ.

ಅವತ್ತು ಬರ್ಲಿನ್ನಲ್ಲಿ ನನ್ನ ಎರಡನೇ ದಿನ. ಅಲೆಕ್ಸಾಂಡರ್‌ಪ್ಲಾಟ್ಸ್ ಅಂತ ಒಂದು ದೊಡ್ಡ ಸ್ಟೇಷನ್ನು, ಅಲ್ಲಿಂದ ಬ್ರಾಂಡೆನ್‌ಬರ್ಗ್ ಗೇಟ್ ಅನ್ನೋ ಹಳೇ ಹೆಬ್ಬಾಗಿಲು ನೋಡೋಕೆ ಹೊರಟ್ವಿ, ನೆಲದೊಳಗೆ ಓಡೋ ಹಳದಿ ರೈಲು. ನಾಲ್ಕೇ ನಾಲ್ಕು ಸ್ಟಾಪು. ನಡ್ಕೊಂಡು ಹೋಗಿದ್ರೆ ಅರ್ಧ ಗಂಟೆ. ನಾನು ನಡೆಯೋಣ ಅಂದಿದ್ದೆ, ಅವನೇ ಚಳಿ ಬಾರೋ ಅಂದ. ಟಿಕೆಟ್ ನಾನೇ ತಗೋತೀನಿ ಅಂತ ಹಠ ಮಾಡಿದ್ದು ನಾನು, ಅದು ನನ್ ತಪ್ಪು, ಒಪ್ಕೋತೀನಿ. ಮನೇಲಿರೋಕೆ ಜಾಗ ಕೊಟ್ಟಿದಾನೆ, ಓಡಾಟದ ಖರ್ಚೂ ಅವನ ಮೇಲೆ ಯಾಕೆ ಅನ್ನೋ ಸಂಕೋಚ.

ಅಲ್ಲಿ ಸ್ಟೇಷನ್ನಿಗೆ ಗೇಟೇ ಇಲ್ಲ ಕಣ್ರೀ. ನಮ್ಮ ಬೆಂಗಳೂರು ಮೆಟ್ರೋಲಿ ಕಾರ್ಡ್ ತೋರಿಸಿದ್ರೆ ತಾನೇ ರೆಕ್ಕೆ ತೆಗೆಯೋದು? ಅಲ್ಲಿ ರೆಕ್ಕೆನೂ ಇಲ್ಲ, ಕಾವಲಿನೋನೂ ಇಲ್ಲ, ಸಂತೆಗೆ ನುಗ್ಗಿದ ಹಾಗೆ ಸೀದಾ ಇಳ್ಕೊಂಡು ಹೋಗಿ ರೈಲು ಹತ್ತೋದು. ಆದ್ರೆ ಪ್ಲಾಟ್‌ಫಾರ್ಮಲ್ಲಿ ಎಲ್ಲೋ ಒಂದು ಪುಟ್ಟ ಪೆಟ್ಟಿಗೆ ಇರುತ್ತಂತೆ. ಮೆಷಿನ್ನಲ್ಲಿ ತಗೊಂಡ ಟಿಕೆಟ್ಟಿನ ಮೂತಿ ಅದರೊಳಗೆ ತೂರಿಸಿ ಟಕ್ ಅನ್ನಿಸ್ಬೇಕು, ಟೈಮು ಜಾಗ ಅಚ್ಚಾಗುತ್ತೆ, ಆಗ್ಲೇ ಅದು ಟಿಕೆಟ್ಟು. ಇಲ್ಲಾಂದ್ರೆ ಬರೀ ಕಾಗದ. ಆ ಅಚ್ಚೊತ್ತೋದಕ್ಕೆ ಅವರ ಭಾಷೇಲಿ ಎಂಟ್‌ವೆರ್ಟನ್ ಅಂತಾರೆ, ಅಂದ್ರೆ ಬೆಲೆ ಕಳೆಯೋದು. ನಾನು ಟಿಕೆಟ್ಟಿನ ಬೆಲೆ ಕಳೀಲಿಲ್ಲ, ಅದಕ್ಕೆ ಅವರು ನನ್ ಬೆಲೆ ಕಳೆದ್ರು.

ಈ ಪೆಟ್ಟಿಗೆ ವಿಷಯ ಅವನು ಹೇಳ್ಬೇಕಿತ್ತೋ ಬೇಡ್ವೋ? ನೀವೇ ಹೇಳಿ. ಅವನ ಹತ್ರ ತಿಂಗಳ ಪಾಸು ಮೊಬೈಲಲ್ಲೇ ಇದೆ, 2025ರಲ್ಲಿ ಅದಕ್ಕೆ 58 ಯೂರೋ ಇತ್ತು, ಜರ್ಮನಿ ಪೂರ್ತಿ ಬಸ್ಸು, ಮೆಟ್ರೋ, ಲೋಕಲ್ ರೈಲು ಎಲ್ಲಾ ಅದರಲ್ಲೇ. ಹಾಗಾಗಿ ಆ ಪೆಟ್ಟಿಗೆ ಕಡೆ ಅವನು ತಿರುಗಿ ನೋಡಿ ವರ್ಷಗಳೇ ಆಗಿದೆ. "ಮರ್ತೇ ಹೋಗಿತ್ತು ಕಣೋ" ಅಂದ ಆಮೇಲೆ. ಇರ್ಬೋದು, ಪಾಸ್ ಇರೋನಿಗೆ ಟಿಕೆಟ್ಟಿನೋನ ಕಷ್ಟ ಮರೆಯುತ್ತೆ, ನಾನೂ ಪಾಸಿನೋನೇ, ನನಗೆ ಅರ್ಥ ಆಗುತ್ತೆ. ಅರ್ಥ ಆಗೋದ್ರಿಂದ ಸಿಟ್ಟೇನು ಕಮ್ಮಿ ಆಗಲ್ಲ.

ಬಾಗಿಲು ಮುಚ್ತು. ನಮ್ಮೆದುರು ಇಬ್ಬರು ಹುಡುಗರು, ಒಬ್ಬನ ಹೆಗಲಿಗೆ ಬ್ಯಾಗು, ಇನ್ನೊಬ್ಬ ಟೋಪಿ ಹಾಕಿದ್ದ, ಕಾಲೇಜಿಗೆ ಹೋಗೋರು ಅನ್ಕೊಂಡಿದ್ದೆ. ಗಾಡಿ ಹೊರಟಿದ್ದೇ ಇಬ್ಬರೂ ಜೇಬಿಂದ ಮೆಷಿನ್ ತೆಗೆದು "ಫಾರ್‌ಶೈನೆ ಬಿಟ್ಟೆ" ಅಂದ್ರು. ಕಡೇ ಪದ ಒಂದೇ ನನ್ ಕಿವಿಗೆ ಬಿದ್ದಿದ್ದು. ಬಿಟ್ಟೆ! ಪಾಪ ಏನೋ ಬಿಟ್ಟು ಬಂದಿದಾನೆ ಅನ್ನೋ ಹಾಗೆ ಕೇಳಿಸ್ತು ಆಣೆಗೂ. ಪ್ಲೀಸ್ ಅನ್ನೋದಕ್ಕೆ ಅಲ್ಲಿ ಹಾಗಂತಾರಂತೆ, ಟಿಕೆಟ್ ಪ್ಲೀಸ್ ಅಂದಿದ್ದು ಅವರು, ಚೆಕಿಂಗ್‌ನೋರು.

ನನ್ ಗೆಳೆಯ ಮೊಬೈಲ್ ತೋರಿಸ್ದ, ಡಾಂಕೆ ಅಂದ್ರು, ಅಂದ್ರೆ ಥ್ಯಾಂಕ್ಸ್. ನನ್ ಸರದಿ. ನಾನು ಹೇಗೆ ಕೊಟ್ಟೆ ಅಂತೀರಾ, ಪರೀಕ್ಷೇಲಿ ಓದ್ಕೊಂಡಿದ್ದ ಪ್ರಶ್ನೆಯೇ ಬಂದ ಹುಡುಗನ ಹಾಗೆ, ನಗ್ತಾ, ಎರಡೂ ಕೈಯಲ್ಲಿ. ಟೋಪಿಯವನು ಮುಂದೆ ನೋಡಿದ. ಹಿಂದೆ ತಿರುಗಿಸಿದ. ಮತ್ತೆ ಮುಂದೆ ನೋಡಿದ. ನಾನಿನ್ನೂ ನಗ್ತಾನೇ ಇದ್ದೆ. ಇದೇ, ಇದೊಂದೇ ರಾತ್ರಿ ಕಣ್ಣು ಮುಚ್ಚಿದ್ರೆ ಬರೋದು, ಅವನಿಗಾಗ್ಲೇ ಗೊತ್ತಾಗಿದೆ, ನನಗಿನ್ನೂ ಗೊತ್ತಾಗಿಲ್ಲ, ಮಧ್ಯದಲ್ಲಿ ಒಂದು ನಾಲ್ಕೈದು ಸೆಕೆಂಡು ನಾನು ಹಲ್ಲು ಬಿಟ್ಕೊಂಡು ಕೂತಿದೀನಿ. ಎದುರಿಗೆ ಒಬ್ಬಳು ಹೆಂಗಸು, ಅವಳ ಕಾಲ ಹತ್ರ ಕರು ಗಾತ್ರದ ನಾಯಿ. ಅಲ್ಲಿ ದೊಡ್ಡ ನಾಯಿಗೂ ಟಿಕೆಟ್ ಆಗ್ಬೇಕು. ಅದರ ಟಿಕೆಟ್ ಸರಿಯಿತ್ತು. ಇಡೀ ಬೋಗೀಲಿ ಕಳ್ಳ ಅಂದ್ರೆ ನಾನೊಬ್ಬನೇ, ನಾಯಿ ಕೂಡ ಅಲ್ಲ.

ಆಮೇಲೆ ನನ್ ಗೆಳೆಯ ಜರ್ಮನ್‌ನಲ್ಲಿ ಮಾತಾಡೋಕೆ ಶುರು ಮಾಡಿದ. ಎರಡು ನಿಮಿಷ ಮಾತಾಡಿದಾನೆ. ನನಗೆ ಕೇಳಿಸಿದ್ದು "ಇಂಡಿಯೆನ್" ಅನ್ನೋ ಒಂದು ಪದ, ಅದಾದ್ಮೇಲೆ ಟೋಪಿಯವನು ನಕ್ಕ. ಇವನೂ ನಕ್ಕ. ನಾಯಿ ಹೆಂಗಸೂ ತುಟಿ ಕಚ್ಕೊಂಡ್ಲು. ಏನ್ಲಾ ಹೇಳ್ದೆ ಅಂದ್ರೆ, ನನ್ ಕಡೆ ಬಗ್ಗಿ, ಮೆತ್ತಗೆ, "ಇದು ಮಂಡ್ಯ ಅಲ್ಲ ಕಣೋ" ಅಂದ.

ಇದು ಮಂಡ್ಯ ಅಲ್ಲ ಅಂತ ನನಗೆ ಗೊತ್ತಿಲ್ವಾ? ಹತ್ತು ಗಂಟೆ ಗಾಡೀಲಿ ಕೂತ್ಕೊಂಡು ಬಂದಿದೀನಿ, ಆಕಾಶದಲ್ಲಿ. ಮಂಡ್ಯ ಆಗಿದ್ರೆ ಆಗ್ತಾನೇ ಇರ್ಲಿಲ್ಲ ಸ್ವಾಮಿ ಇದು. ನಮ್ ಬಸ್ಸಲ್ಲಿ ಕಂಡಕ್ಟರ್ ಆ ನೂಕಾಟದಲ್ಲಿ ಸೀಟ್ ಹತ್ರಾನೇ ಬಂದು ಎಲ್ಲಿಗೆ ಅಂತ ಕೇಳಿ ಟಿಕೆಟ್ ಹರಿದು ಕೊಡ್ತಾನೆ, ಚಿಲ್ರೆ ಇಲ್ಲಾಂದ್ರೆ ಹಿಂದುಗಡೆ ಬರ್ದು ಕೊಡ್ತಾನೆ, ಮುಂಚೆಯೆಲ್ಲಾ ಆ ಟಿಕೆಟ್ಟಿಗೆ ತೂತು ಹಾಕೋದೂ ಅವನದೇ ಕೆಲಸ. ಪ್ರಯಾಣಿಕ ತಾನೇ ಹೋಗಿ ತನ್ನ ಟಿಕೆಟ್ಟಿಗೆ ತೂತು ಹೊಡ್ಕೋಬೇಕು ಅಂತ ಯಾವನಿಗೆ ಹೊಳೆಯುತ್ತೆ? ಚಿಲ್ರೆ ವಾಪಸ್ ಕೊಡ್ದೆ ಇಳಿಸಿಬಿಡ್ತಾರೆ ಎಷ್ಟೋ ಸಲ, ಅದೂ ನಿಜ, ಅದರ ಬಗ್ಗೆ ಇನ್ನೊಂದಿನ.

ಮುಂದಿನ ಸ್ಟೇಷನ್ನಲ್ಲಿ ಇಳಿಸಿದ್ರು. ಮ್ಯೂಸಿಯಮ್ಸ್ ಇನ್ಸೆಲ್ ಅಂತ. ನೋಡೋಕೆ ಬಹಳ ಚೆನ್ನಾಗಿದೆ, ಸುಳ್ಳು ಹೇಳಲ್ಲ, ಹಳಿ ಮೇಲಿನ ಚಾವಣಿ ಪೂರ್ತಿ ಕಡುನೀಲಿ, ಅದರಲ್ಲಿ ಸಾಲಾಗಿ ಪುಟ್ಟ ಪುಟ್ಟ ದೀಪ, ನಕ್ಷತ್ರ ಇಟ್ಟ ಹಾಗೆ. 2021ರಲ್ಲಿ ತೆರೆದಿದ್ದಂತೆ. ಜನ ಫೋಟೋ ತೆಗೀತಿದ್ರು. ಹಗಲಲ್ಲೇ ನಕ್ಷತ್ರ ತೋರಿಸ್ತೀನಿ ಅಂತ ನಮ್ ಮೇಷ್ಟ್ರು ಹೇಳ್ತಿದ್ರು, ನನಗೆ ಬರ್ಲಿನ್ನಲ್ಲಿ ಕಾಣ್ತು. ಅದರ ಕೆಳಗೆ ನಿಲ್ಲಿಸಿ ಪಾಸ್‌ಪೋರ್ಟ್ ಕೇಳಿದ್ರು. ಅಪ್ಪನ ಹೆಸರು ಅಕ್ಷರ ಅಕ್ಷರ ಟೈಪ್ ಮಾಡ್ಕೊಂಡ್ರು. ಅಪ್ಪ ಏನ್ ಮಾಡಿದ್ರು ಪಾಪ, ಹೊಲದಲ್ಲಿ ಕಬ್ಬಿಗೆ ನೀರು ಬಿಡ್ತಾ ಇದ್ದಿರ್ಬೋದು ಆ ಹೊತ್ತಲ್ಲಿ.

ದಂಡ 60 ಯೂರೋ. ಯೂರೋಗೆ 100 ರೂಪಾಯಿ ಹತ್ರ ಅಂದ್ರೆ 6,000. ನನ್ ರೈಲ್ವೆ ಪಾಸಲ್ಲಿ ಮಂಡ್ಯ ಮೈಸೂರು ವರ್ಷಕ್ಕೂ ಮೇಲೆ ಓಡಾಡ್ಬೋದು. ಆ ರಾತ್ರಿ ನಿದ್ದೆ ಬರ್ದೆ ಮೊಬೈಲಲ್ಲಿ ಹುಡುಕಿದೆ, ಹೆಸರಿರೋ ತಿಂಗಳ ಪಾಸ್ ಇದ್ದು ಮನೇಲಿ ಮರೆತು ಬಂದೋನು ಆಮೇಲೆ ತೋರಿಸಿದ್ರೆ ಅವನಿಗೆ 7 ಯೂರೋ ಅಷ್ಟೇ. ಪಾಸ್ ಇಲ್ಲೇ ಇಲ್ಲ, ಮನೇಲಿದೆ ಅನ್ನೋನಿಗೆ 7. ದುಡ್ಡು ಕೊಟ್ಟ ಟಿಕೆಟ್ ಕೈಯಲ್ಲೇ ಇರೋನಿಗೆ 60. ಯಾವ ನ್ಯಾಯ? ಇಲ್ಲ, ನ್ಯಾಯ ಇದೆ, ಗೊತ್ತು ನನಗೆ. ಅಚ್ಚೊತ್ತದೆ ಇಟ್ಕೊಂಡ್ರೆ ಒಂದೇ ಟಿಕೆಟ್ಟಲ್ಲಿ ತಿಂಗಳೆಲ್ಲಾ ಸುತ್ತಬಹುದು, ಅದಕ್ಕೇ ರೂಲ್ಸು. ಅವರು ಒಂದು ಕೆಟ್ಟ ಮಾತಾಡ್ಲಿಲ್ಲ, ರಸೀದಿ ಕೊಟ್ರು, ಹ್ಯಾವ್ ಎ ನೈಸ್ ಡೇ ಬೇರೆ ಅಂದ್ರು. ಬೈದಿದ್ರೆ ಚೆನ್ನಾಗಿತ್ತು. ಬೈದಿದ್ರೆ ನಾನೂ ಎರಡು ಬೈದು ಬರ್ತಿದ್ದೆ.

ದುಡ್ಡು ನಾನ್ ಕೊಡ್ತೀನಿ ಬಿಡೋ ಅಂದ ಇವನು. ನಾನು ಬೇಡ ಅಂದೆ. ಸರಿ ಅಂದ್ಬಿಟ್ಟ! ನಮ್ ಕಡೆ ಒಂದು ಸಲ ಬೇಡ ಅಂದ್ರೆ ಬೇಡ ಅಂತ ಅರ್ಥಾನಾ? ಇನ್ನೊಂದು ಸಲ ಕೇಳ್ಬೇಕು, ಮೂರನೇ ಸಲ ಜೇಬಿಗೆ ತುರುಕ್ಬೇಕು. ಕಾಫಿ ಬೇಡ ಅಂದೋರಿಗೇ ಅರ್ಧ ಲೋಟ ಆದ್ರೂ ಕುಡೀರಿ ಅಂತ ತಂದಿಡೋ ಊರಿನೋನು ಅಲ್ವಾ ಇವನು. ಏಳು ವರ್ಷಕ್ಕೇ ಮರ್ತುಹೋಯ್ತಾ? ನಾನು ನಾಲ್ಕು ಕೆಜಿ ರಾಗಿ ಹಿಟ್ಟು, ಸಾರಿನ ಪುಡಿ, ಹಪ್ಪಳ ಹೊತ್ಕೊಂಡು ಹೋಗಿದ್ದೆ ಕಣ್ರೀ, ಹಾಲಿನ ಐಟಂ ಬಿಡಲ್ಲ ಅಂತ ತುಪ್ಪ ಒಂದು ಬಿಟ್ಟು.

ಅದೇ ದಿನ ಬ್ರಾಂಡೆನ್‌ಬರ್ಗ್ ಗೇಟ್ ಮುಂದೆ ತೆಗೆದ ಫೋಟೋನೇ ನನ್ ಡಿಪಿ. ನಡ್ಕೊಂಡು ಹೋದ್ವಿ, ಕಡೆಗೂ. ಏನ್ ಮುಖದಲ್ಲಿ ಕಳೆ ಅಂತ ನಮ್ಮತ್ತೆ ಮೆಸೇಜ್ ಮಾಡಿದಾರೆ. ಕಳೆನೋ ಕೊಳೆನೋ.

ನಗ್ಬೇಕು ಅಂದ್ರೆ ಇದನ್ನೂ ಕೇಳಿ. ಅಲ್ಲಿ ಖಾಲಿ ಪ್ಲಾಸ್ಟಿಕ್ ಬಾಟಲ್ ಅಂಗಡಿ ಮೆಷಿನ್ನಿಗೆ ಹಾಕಿದ್ರೆ 25 ಸೆಂಟ್ ವಾಪಸ್ ಬರುತ್ತೆ. 60 ಯೂರೋಗೆ 240 ಬಾಟಲು. ಲೆಕ್ಕ ಹಾಕಿದ್ದು ಸುಮ್ನೆ ಅಲ್ಲ, ಪಾರ್ಕಲ್ಲಿ ಬೆಂಚ್ ಕೆಳಗೆ ಮೂರು ಬಾಟಲ್ ಕಾಣಿಸ್ತು, ಇವನು ಫೋನಲ್ಲಿದ್ದಾಗ ಎತ್ಕೊಂಡು ಬ್ಯಾಗಿಗೆ ಹಾಕ್ಕೊಂಡೆ. 75 ಸೆಂಟ್ ರಿಕವರಿ. ಇನ್ನು 237 ಬಾಕಿ. ಪಹಣಿ ಇಟ್ಟು ವೀಸಾ ತಗೊಂಡು ಹೋದ ರೈತನ ಮಗ ಬರ್ಲಿನ್ನಲ್ಲಿ ಬಾಟಲ್ ಆರಿಸ್ದ ಅಂತ ಅದನ್ನೂ ಹೇಳಿದಾನೋ ಏನೋ ಅವರಮ್ಮನಿಗೆ.

ಈಗ ನಾನ್ ಬಾಯಿ ಬಿಡ್ಲಾ? ಡಿಗ್ರೀಲಿದ್ದಾಗ ದಸರಾ ವಸ್ತುಪ್ರದರ್ಶನ ನೋಡೋಕೆ ಅಂತ ಮೈಸೂರಿಗೆ ಹೋದಾಗ ಶ್ರೀರಂಗಪಟ್ಟಣ ದಾಟಿದ್ಮೇಲೆ ಟಿಟಿಇ ಬಂದ್ರು ಅಂತ ಟಾಯ್ಲೆಟ್ಟಲ್ಲಿ ಬಚ್ಚಿಟ್ಕೊಂಡಿದ್ದು ಯಾರು? ನಾಗನಹಳ್ಳೀಲಿ ಬಾಗಿಲು ತಟ್ಟಿ ಎಳೆದ್ರು ಆಚೆಗೆ. ದಂಡ 250 ರೂಪಾಯಿ, ನಮ್ಮಪ್ಪ ಶರ್ಟ್ ತಗೋ ಅಂತ ಕೊಟ್ಟಿದ್ದು 300. ನಾನೇ ಕಟ್ಟಿದ್ದು, ಎರಡನೇ ಸಲ ಕೇಳಿಸ್ಕೊಳ್ದೆ. ಅವರಮ್ಮನಿಗೆ ಇವತ್ತಿನವರೆಗೂ ಗೊತ್ತಿಲ್ಲ. ಪೇಟೆಬೀದೀಲಿ ಬಾಯಿಗೆ ಬಂದಿತ್ತು ಮಾತು, ಆ ಸೊಪ್ಪಿನ ಕಟ್ಟು, ಅವರ ಕನ್ನಡಕಕ್ಕೆ ದಾರ ಕಟ್ಟಿರೋದು ನೋಡಿ ನುಂಗಿದೆ. ಇಲ್ಲೂ ಬರೀಬಾರ್ದಿತ್ತು. ಬೆಳಿಗ್ಗೆ ಈ ಭಾಗ ಅಳಿಸ್ತೀನಿ. ಅಳಿಸಲ್ಲ, ಯಾಕೆ ಅಳಿಸ್ಲಿ.

ನನಗೆ ಒಂದೇ ಒಂದು ಉತ್ತರ ಬೇಕು. ಜರ್ಮನ್ ಬರೋರು ಯಾರಾದ್ರೂ ಇದ್ರೆ ಹೇಳ್ರಪ್ಪ. "ಇಂಡಿಯೆನ್" ಅಂತ ಬರೋ ಯಾವ ವಾಕ್ಯಕ್ಕೆ ಚೆಕಿಂಗ್‌ನೋನು ನಗ್ತಾನೆ? ಇವನು ಮೊದಲ ಸಲ ಇಂಡಿಯಾದಿಂದ ಬಂದಿದಾನೆ, ಬಿಡಿ ಪಾಪ ಅಂದಿರ್ಬೋದಾ? ಹಾಗಂದಿದ್ರೆ ನಾನು ಇಷ್ಟೆಲ್ಲಾ ಬರ್ದಿದ್ದು ವೇಸ್ಟು, ಕ್ಷಮೆ ಕೇಳ್ತೀನಿ, ನಿಜವಾಗ್ಲೂ. ಆದ್ರೆ ಅದಕ್ಕೆ ನಗು ಯಾಕೆ ಬರುತ್ತೆ? ಅವನನ್ನೇ ಕೇಳಿ ಅಂತೀರಾ, ಕೇಳ್ದೆ. "ಏನೋಪ್ಪ ನೆನಪಿಲ್ಲ, ಇನ್ನೂ ಅದನ್ನೇ ಹಿಡ್ಕೊಂಡಿದ್ಯಾ" ಅಂದ.

ಹೂಂ, ಹಿಡ್ಕೊಂಡಿದೀನಿ. ಟಿಕೆಟ್ಟೂ ಹಿಡ್ಕೊಂಡಿದೀನಿ. ನಾಳೆ ಬೆಳಿಗ್ಗೆ ಟ್ರೈನಿಗೆ ಹೋಗೋ ಮುಂಚೆ ಅವರ ಮನೆ ಮುಂದೆ ಗಾಡಿ ನಿಲ್ಸಿ ಆ ಅಮ್ಮನ ಕೈಗೆ ಕೊಟ್ಟು ನೋಡಿ ಅನ್ನೋಣ ಅಂತಿದ್ದೆ. ಅವರಿಗೆ ಅದರಲ್ಲಿರೋದು ಓದೋಕೆ ಬರಲ್ಲ. ನನಗೂ ಬರಲ್ಲ. 3,80 ಅಂತಿರೋದು ಒಂದು ಓದ್ಬೋದು ಇಬ್ಬರೂ.