ಆ ಒಂಟೆ ಫೋಟೋ ಜಾವಗಲ್ ರಸ್ತೇದಲ್ಲ, ದಯವಿಟ್ಟು ಫಾರ್ವರ್ಡ್ ಮಾಡ್ಬೇಡಿ

ನಿನ್ನೆಯಿಂದ ಹಾಸನ, ಅರಸೀಕೆರೆ ಕಡೆ ವಾಟ್ಸಾಪ್ ಗ್ರೂಪ್‌ಗಳಲ್ಲಿ ಒಂದು ಫೋಟೋ ಓಡಾಡ್ತಿದೆ, ಕೆಂಪು ಪೇಟದ ನಾಲ್ಕು ಜನ, ಹಿಂದೆ ಒಂಟೆ ಸಾಲು, ಕೆಳಗೆ "ಜಾವಗಲ್ ರಸ್ತೇಲಿ ಮಕ್ಕಳ ಕಳ್ಳರು, ಮೂಟೇಲಿ ಮಕ್ಕಳನ್ನ ಸಾಗಿಸ್ತಾರೆ" ಅಂತ. ಸುಳ್ಳು ಕಣ್ರಪ್ಪಾ. ಆ ಫೋಟೋ ತೆಗೆದಿದ್ದೇ ನಾನು, ಹೋದ ಚಳಿಗಾಲದಲ್ಲಿ ರಾಜಸ್ಥಾನದ ಪಾಲಿ ಜಿಲ್ಲೇಲಿ ಒಂಟೆಗಳ ಜೊತೆ ಐದು ದಿನ ಹಳ್ಳಿಯಿಂದ ಹಳ್ಳಿಗೆ ನಡೆದಾಗ. ಒರಿಜಿನಲ್ ನನ್ನ ಫೋನಲ್ಲೇ ಇದೆ, ತಾರೀಖು ಜಾಗ ಎಲ್ಲಾ ಸಮೇತ.

ಅವರು ರೈಕಾ ಜನ, ರೇಬಾರಿ ಅಂತಾನೂ ಕರೀತಾರೆ, ತಲೆತಲಾಂತರದಿಂದ ಒಂಟೆ ಕುರಿ ಸಾಕೋದೇ ಕಸುಬು. ಮೂಟೇಲಿದ್ದಿದ್ದು ಹಾಸಿಗೆ, ಹಿಟ್ಟು, ಪಾತ್ರೆ, ಮತ್ತೆ ನನ್ನ ದೊಡ್ಡ ಬ್ಯಾಗು (ಐದು ದಿನಕ್ಕೆ ಅಷ್ಟು ಬಟ್ಟೆ ಯಾಕೆ ಹೊತ್ತೆನೋ). ರಾತ್ರಿ ಒಂಟೆಗಳ ಮುಂಗಾಲಿಗೆ ಸಡಿಲವಾಗಿ ಹಗ್ಗ ಕಟ್ಟಿ ಮೇಯಕ್ಕೆ ಬಿಡೋರು, ಬೆಳಗ್ಗೆ ಕೊರಳ ಗಂಟೆ ಸದ್ದು ಹಿಡ್ಕೊಂಡು ಹುಡುಕಿ ತರೋರು, ಅಷ್ಟರಲ್ಲಿ ಊರಿನ ಯಾವ್ದೋ ಮನೆಯಿಂದ ಟೀ ಬಂದಿರೋದು.

ಇನ್ನೊಂದು ವಿಷ್ಯ, 2014ರಲ್ಲಿ ರಾಜಸ್ಥಾನ ಒಂಟೇನ ರಾಜ್ಯ ಪ್ರಾಣಿ ಅಂತ ಘೋಷಿಸ್ತು, 2015ರ ಕಾನೂನಿನ ಮೂಲಕ ಒಂಟೆಗಳನ್ನ ರಾಜ್ಯದಾಚೆ ಸಾಗಿಸೋದನ್ನೂ ಬಿಗಿ ಮಾಡ್ತು, ಹಾಗಾಗಿ ಅಷ್ಟು ದೊಡ್ಡ ಸಾಲು ಸುಮ್ಮನೆ ಇಲ್ಲೀವರೆಗೆ ನಡ್ಕೊಂಡು ಬರೋ ಮಾತೇ ಅಲ್ಲ.

ನನ್ನದೂ ಒಂದು ತಪ್ಪಿದೆ. ಆಗ ಸ್ಟೇಟಸ್‌ನಲ್ಲಿ "ಡುಬ್ಬದಲ್ಲಿ ನೀರು ತುಂಬ್ಕೊಂಡಿರತ್ತೆ" ಅಂತ ಬರೆದಿದ್ದೆ, ಅದನ್ನೂ ತುಂಬಾ ಜನ ಹಂಚಿದ್ರಿ. ಡುಬ್ಬದಲ್ಲಿರೋದು ಕೊಬ್ಬು. ನೀರು ಸಿಕ್ಕಾಗ ಒಂದೇ ಸಲಕ್ಕೆ 100 ಲೀಟರ್‌ವರೆಗೂ ಕುಡಿಯತ್ತೆ, ಆದ್ರೆ ಡುಬ್ಬಕ್ಕೆ ಹೋಗಲ್ಲ.

ಎರಡನ್ನೂ ಡಿಲೀಟ್ ಮಾಡಿ, ಕಳಿಸಿದ್ದ ಗ್ರೂಪ್‌ಗೆ ಈ ಮೆಸೇಜ್ ಹಾಕಿ.