ಮಕ್ಕಳು ಬಿಟ್ಟದ್ದಲ್ಲ, ಅತ್ತೆಯೇ ಹೋದದ್ದು

‘ಹಿರಿಯರ ವಸತಿ ಸಂಕೀರ್ಣ ಎಂದರೆ ಮಕ್ಕಳು ಕೈಬಿಟ್ಟವರ ಜಾಗ’ ಎಂದು ಹಿರಿಯರ ವಸತಿಯ ಕುರಿತ ಲೇಖನವೊಂದರಲ್ಲಿ ಅದರ ಲೇಖಕರು ಬರೆದ ಮಾತು ನನಗೆ ಒಪ್ಪಿಗೆಯಿಲ್ಲ. ಕಳೆದ ತಿಂಗಳು ದೊಡ್ಡಪ್ಪನ ಬೊಜ್ಜಕ್ಕೆಂದು (ಉತ್ತರಕ್ರಿಯೆಗೆ) ಬೆಂಗಳೂರಿನಿಂದ ಕಾಸರಗೋಡು ಜಿಲ್ಲೆಯ ಬದಿಯಡ್ಕಕ್ಕೆ ಹೋದವನು, ಅದೇ ಜಿಲ್ಲೆಯ ಕಾಞಂಗಾಡಿನ ಹತ್ತಿರ ಅಂಥದ್ದೇ ಒಂದು ಕಡೆ ಇರುವ ಸೋದರತ್ತೆಯನ್ನೂ ನೋಡಿ ಬಂದೆ. ಅಡಿಕೆ ತೋಟ ಮಾರಿ, ಮಕ್ಕಳು ಬೇಡವೆಂದರೂ ಕೇಳದೆ, ತಾನೇ ಹೋಗಿ ಆರಿಸಿಕೊಂಡ ಜಾಗ ಅದು. ಕೊಳೆರೋಗಕ್ಕೆ ಮದ್ದು ಬಿಡಲು ಜನ ಸಿಗದ ತೋಟದಲ್ಲಿ ಒಬ್ಬಳೇ ಕೂತು ಏನು ಮಾಡಲಿ ಎನ್ನುತ್ತಾರೆ.

ಅಲ್ಲಿನ ಕೊರತೆಯೇ ಬೇರೆ, ಲೇಖನ ಅದನ್ನು ಮುಟ್ಟಿಲ್ಲ: ಭಾಷೆ. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿದಾಗ ಕನ್ನಡ ಶಾಲೆಯ ಬೆಂಚಿನಲ್ಲಿ ಕೂತಿದ್ದ ತಲೆಮಾರು ಅತ್ತೆಯದು. ಪೇಟೆಯಲ್ಲಿ ಸಾಮಾನು ತರುವಷ್ಟು ಮಲಯಾಳ ಬರುತ್ತದೆ, ದುಃಖ ಹೇಳಿಕೊಳ್ಳುವಷ್ಟು ಬಾರದು. ಅಣ್ಣ ತೀರಿಹೋದ ಸುದ್ದಿ ಬಂದ ದಿನ ಪಕ್ಕದ ಕೋಣೆಯವರು ಬಂದು ಕೈ ಹಿಡಿದು ಕೂತರಂತೆ. ಅವರಿಗೆ ಕನ್ನಡ ಇಲ್ಲ, ಇವರಿಗೆ ಮಾತೇ ಇಲ್ಲ.

ಕೈಬಿಟ್ಟವರ ಪಟ್ಟಿ ಮಾಡುವುದಾದರೆ ಮಕ್ಕಳಿಗಿಂತ ಮೊದಲು ನಮ್ಮಂಥ ನೆಂಟರ ಹೆಸರು ಬರೆಯಿರಿ. ಬೊಜ್ಜದ ದಿನ ಅಡುಗೆಯವರನ್ನೂ ಪಾತ್ರೆಗಳನ್ನೂ ತರಲು ಎರಡು ಜೀಪು ಓಡಿದವು. ಒಡಹುಟ್ಟಿದವಳನ್ನು ಕರೆತರಲು ಒಬ್ಬರಿಗೂ ಪುರುಸೊತ್ತಾಗಲಿಲ್ಲ, ನನಗೂ ಹೊಳೆಯಲಿಲ್ಲ. ನನ್ನನ್ನು ಕಂಡದ್ದೇ ಅತ್ತೆ ಕೇಳಿದ್ದು, ‘ಜನ ಎಷ್ಟಿತ್ತು? ಪಾಯಸ ಯಾವುದು ಮಾಡಿದ್ದು?’